ರಕ್ತದ ಗುಣವಲ್ಲ, ರಟ್ಟೆಯ ದುಡಿಮೆ

ಕೇರಿಯ ಹುಡುಗ ಹಲಗೆ ಚೆನ್ನಾಗಿ ಬಾರಿಸಿದರೆ ಊರಿನ ದೊಡ್ಡವರು ಹೇಳುವ ಒಂದು ಮಾತಿದೆ: 'ಅದು ಅವರ ರಕ್ತದಲ್ಲೇ ಬಂದದ್ದು ಬಿಡಿ.' ಮೇಲುನೋಟಕ್ಕೆ ಇದು ಹೊಗಳಿಕೆ. ಆದರೆ ಈ ಹೊಗಳಿಕೆಯ ಒಳಗೆ ಒಂದು ಲೆಕ್ಕಾಚಾರ ಇದೆ. ರಕ್ತದಲ್ಲೇ ಬಂದದ್ದಾದರೆ ಅವನು ಕಲಿತದ್ದು ಏನೂ ಇಲ್ಲ. ಕಲಿತದ್ದಿಲ್ಲ ಅಂದಮೇಲೆ ಅವನು ಕಲಾವಿದನಲ್ಲ. ಕಲಾವಿದನಲ್ಲ ಅಂದಮೇಲೆ ಅವನಿಗೆ ಸಂಭಾವನೆ ಕೊಡಬೇಕಾಗಿಲ್ಲ, ಒಂದು ಮೊರ ಕಾಳು ಹಾಕಿದರೆ ಸಾಕು. ಅದೇ ಅಗ್ರಹಾರದ ಹುಡುಗ ಹಾಡಿದರೆ ಅದು ಸಾಧನೆ, ಅದು ತಪಸ್ಸು, ಅದು ವಿದ್ಯೆ!

ಇದೇ ಲೆಕ್ಕಾಚಾರ ಸಮುದ್ರದಾಚೆಗೂ ನಡೆದಿದೆ. ಲಿಯರಿ ಕಾನ್‌ಸ್ಟಂಟೈನ್ ಎಂಬ ಕಪ್ಪು ಆಟಗಾರ ಚೆಂಡನ್ನು ಮೈದಾನದ ಆಚೆಗೆ ಅಟ್ಟುತ್ತಿದ್ದ ಕಾಲದಲ್ಲಿ ಇಂಗ್ಲೆಂಡಿನ ಪತ್ರಿಕೆಗಳು ಅವನನ್ನು ಕೊಂಡಾಡಿದವು. ನೆವಿಲ್ ಕಾರ್ಡಸ್‌ನಂಥ ಹೆಸರಾಂತ ಬರಹಗಾರನೂ ಅವನ ಆಟವನ್ನು ಒಂದು ಜನಾಂಗದ ಗುಣ ಎನ್ನುವಂತೆಯೇ ಬಣ್ಣಿಸಿದ. ಬಿಸಿಲ ನಾಡಿನವನು, ಹುಟ್ಟಾ ಸಂತೋಷಿ, ಯೋಚನೆ ಮಾಡದೆ ಹೊಡೆಯುತ್ತಾನೆ ಅನ್ನೋದು ಆ ಕಾಲದ ಹೊಗಳಿಕೆಯ ಧಾಟಿ. ಈ ಬರಹ ಆ ಮಾತಿಗೆ ಎದುರಾಗಿ ಬರೆದದ್ದು. ಕಾನ್‌ಸ್ಟಂಟೈನನ ಹೊಡೆತ ಯೋಚನೆ ಮಾಡಿ ಹೊಡೆದದ್ದು. ಅದು ಅವನ ಕಸುಬು. ಆ ಕಸುಬಿಗೆ ಅವನು ಬೆಲೆ ಕಟ್ಟಿದ, ಬೆಲೆ ವಸೂಲು ಮಾಡಿದ, ವಸೂಲಾದ ಹಣದಿಂದ ಓದು, ಪುಸ್ತಕ, ಕಾನೂನು ಎಲ್ಲವನ್ನೂ ಕೈಗೆ ತೆಗೆದುಕೊಂಡ. ಆಟದ ಚರಿತ್ರೆ ಬರೆಯುವವರು ಅವನ ಸಿಕ್ಸರುಗಳನ್ನು ಎಣಿಸಿ ಸುಮ್ಮನಾಗುತ್ತಾರೆ. ನಮಗೆ ಬೇಕಾದದ್ದು ಅದರ ಹಿಂದಿನ ಮತ್ತು ಮುಂದಿನ ಕಥೆ.

ಹಿಂದಿನದು ಮೊದಲು ನೋಡೋಣ. ಟ್ರಿನಿಡಾಡ್ ವೆಸ್ಟ್ ಇಂಡೀಸಿನ ಒಂದು ದ್ವೀಪ. ಆಫ್ರಿಕದಿಂದ ಹಡಗುಗಳಲ್ಲಿ ತುಂಬಿ ತಂದ ಜನರನ್ನು ಕಬ್ಬಿನ ಗದ್ದೆ, ಕೋಕೋ ತೋಟಗಳಲ್ಲಿ ದುಡಿಸಿ ಯೂರೋಪಿನ ಧಣಿಗಳು ಕೊಬ್ಬಿದ ನಾಡು. 1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿ ರದ್ದು ಮಾಡುವ ಕಾನೂನು ತಂದಿತು. ಜೊತೆಗೆ 2 ಕೋಟಿ ಪೌಂಡು ಪರಿಹಾರವನ್ನೂ ಇಟ್ಟಿತು. ಯಾರಿಗೆ? ತಲೆಮಾರುಗಟ್ಟಲೆ ಬಿಟ್ಟಿ ದುಡಿದ ಗುಲಾಮರಿಗಲ್ಲ, ಅವರನ್ನು ದನಗಳ ಹಾಗೆ ಇಟ್ಟುಕೊಂಡಿದ್ದ ಧಣಿಗಳಿಗೆ! ಬಿಡುಗಡೆಯಾದವರ ಕೈಗೆ ಒಂದು ಕಾಸೂ ಬರಲಿಲ್ಲ. ಬಿಟ್ಟಿ ದುಡಿಯುವ ಜನ ಕೈತಪ್ಪಿದ ಮೇಲೆ ಧಣಿಗಳು ನಮ್ಮ ದೇಶದ ಕಡೆ ಕಣ್ಣು ಹಾಕಿದರು. 1845ರಿಂದ 1917ರವರೆಗೆ ಹಿಂದೂಸ್ತಾನದ ಬಡವರನ್ನು ಕರಾರು ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿ ಅದೇ ತೋಟಗಳಿಗೆ ಸಾಗಿಸಿದರು.

ಈ ನಾಡಿನಲ್ಲಿ 1901ರ ಸೆಪ್ಟೆಂಬರ್ 21ರಂದು ಲಿಯರಿ ಹುಟ್ಟಿದ. ತಾಯಿ ಅನೈಸ್ ಗುಲಾಮರ ಮಗಳು. ತಂದೆ ಲೆಬ್ರನ್ ಕೋಕೋ ತೋಟದಲ್ಲಿ ಮೇಸ್ತ್ರಿ. ತೋಟದಲ್ಲಿ ಕಪ್ಪು ಮನುಷ್ಯ ಏರಬಹುದಾಗಿದ್ದ ಕೊನೆಯ ಮೆಟ್ಟಿಲು ಅದು. ಅದರ ಮೇಲಿನದೆಲ್ಲ ಬಿಳಿಯರದು. ಲೆಬ್ರನ್ ಒಳ್ಳೆಯ ದಾಂಡಿಗ. 1900ರಲ್ಲಿ ವೆಸ್ಟ್ ಇಂಡೀಸ್ ತಂಡ ಮೊದಲ ಸಲ ಇಂಗ್ಲೆಂಡಿಗೆ ಹೊರಟಾಗ ಅವನೂ ಆಯ್ಕೆಯಾಗಿದ್ದ. ಆದರೆ ಹೋಗಲು ದುಡ್ಡಿಲ್ಲ. ಹಡಗು ಬಂದರು ಬಿಟ್ಟ ಮೇಲೆ ಜನ ಚಂದಾ ಎತ್ತಿ, ದೋಣಿಯಲ್ಲಿ ಅಟ್ಟಿಸಿಕೊಂಡು ಹೋಗಿ ಅವನನ್ನು ಹಡಗಿಗೆ ಹತ್ತಿಸಿದರು ಅಂತ ಹೇಳುತ್ತಾರೆ. ಹಾಗೆ ಹೋದವನು ಲಾರ್ಡ್ಸ್ ಮೈದಾನದಲ್ಲಿ 113 ಓಟ ಹೊಡೆದ. ಇಂಗ್ಲೆಂಡಿನ ನೆಲದಲ್ಲಿ ವೆಸ್ಟ್ ಇಂಡೀಸಿನವನೊಬ್ಬ ಬಾರಿಸಿದ ಮೊದಲ ಶತಕ ಅದು. ಆಟ ಮುಗಿಸಿ ಬಂದವನಿಗೆ ಮತ್ತೆ ಅದೇ ತೋಟ, ಅದೇ ಮೇಸ್ತ್ರಿಗಿರಿ.

ಮನೆಯೇ ಲಿಯರಿಯ ಮೊದಲ ಮೈದಾನ. ಅಪ್ಪ ಚೆಂಡು ಎಸೆಯುತ್ತಿದ್ದ, ಅಮ್ಮ ವಿಕೆಟ್ಟಿನ ಹಿಂದೆ ನಿಲ್ಲುತ್ತಿದ್ದಳು. ತಾಯಿಯ ತಮ್ಮ ವಿಕ್ಟರ್ ಪಾಸ್ಕಲ್ ಕೂಡ ವೆಸ್ಟ್ ಇಂಡೀಸ್ ತಂಡದ ಬೌಲರ್. ಕ್ಯಾಚು ಬಿಟ್ಟವನಿಗೆ ಆ ಮನೆಯಲ್ಲಿ ಮಾಫಿ ಇರಲಿಲ್ಲ. ರಕ್ತದಲ್ಲಿ ಬಂತು ಎನ್ನುವವರು ಈ ಅಂಗಳವನ್ನು ನೋಡಲಿಲ್ಲ. ಸಂಗೀತದ ಮನೆತನದ ಮಗು ತೊಟ್ಟಿಲಲ್ಲೇ ಶ್ರುತಿ ಕೇಳುತ್ತದೆ ಅನ್ನುತ್ತಾರಲ್ಲ, ಹಾಗೆ ಈ ಮಗು ಕಲಿತದ್ದು. ವ್ಯತ್ಯಾಸ ಇಷ್ಟೇ: ಅಲ್ಲಿ ಅದಕ್ಕೆ ಪರಂಪರೆ ಎಂಬ ಹೆಸರು, ಇಲ್ಲಿ ಹುಟ್ಟುಗುಣ ಎಂಬ ಹೆಸರು.

ಶಾಲೆ ಮುಗಿಸಿ ಲಿಯರಿ ಪೋರ್ಟ್ ಆಫ್ ಸ್ಪೇನ್ ನಗರದ ಒಂದು ವಕೀಲರ ಕಚೇರಿಯಲ್ಲಿ ಗುಮಾಸ್ತನಾದ. ಕಾನೂನು ಓದಿ ವಕೀಲನಾಗುವ ಆಸೆ ಇತ್ತು. ಕಪ್ಪು ಬಡ ಗುಮಾಸ್ತನಿಗೆ ಆ ಬಾಗಿಲು ತೆರೆಯುವಂತಿರಲಿಲ್ಲ. ಈ ಆಸೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮೂವತ್ತು ವರ್ಷ ಕಳೆದ ಮೇಲೆ ಅದು ಮತ್ತೆ ಬರುತ್ತದೆ.

ಆ ನಗರದ ಕ್ರಿಕೆಟ್ ಹೇಗಿತ್ತು ಎಂಬುದನ್ನು ಸಿ.ಎಲ್.ಆರ್. ಜೇಮ್ಸ್ 1963ರಲ್ಲಿ ಬಂದ ತನ್ನ 'ಬಿಯಾಂಡ್ ಎ ಬೌಂಡರಿ' ಪುಸ್ತಕದಲ್ಲಿ ಬಿಡಿಸಿಟ್ಟಿದ್ದಾನೆ. ಜೇಮ್ಸ್ ಲಿಯರಿಯ ವಾರಿಗೆಯ ಗೆಳೆಯ, ಮಾರ್ಕ್ಸ್‌ವಾದಿ ಚಿಂತಕ. ಅವನು ಕೊಡುವ ಪಟ್ಟಿ ನೋಡಿ. ಕ್ವೀನ್ಸ್ ಪಾರ್ಕ್ ಎಂಬ ಕ್ಲಬ್ಬು ಸಿರಿವಂತ ಬಿಳಿಯರದು. ಶ್ಯಾಮ್‌ರಾಕ್ ಹಳೆಯ ಫ್ರೆಂಚ್ ಮನೆತನದ ಕ್ಯಾಥೊಲಿಕ್ ಬಿಳಿಯರದು. ಮೇಪಲ್ ಎಂಬುದು ಕಂದು ಬಣ್ಣದ ಮಧ್ಯಮ ವರ್ಗದ್ದು. ಅಲ್ಲಿ ಪೂರ್ತಿ ಕಪ್ಪು ಮೈಯವರಿಗೆ ಜಾಗ ಸಿಗುವುದು ಕಷ್ಟ. ಶಾನನ್ ಎಂಬುದು ಕಪ್ಪು ಮೇಷ್ಟ್ರುಗಳು, ಗುಮಾಸ್ತರು ಕಟ್ಟಿಕೊಂಡದ್ದು. ಸ್ಟಿಂಗೋ ಎಂಬುದು ಎಲ್ಲರಿಗಿಂತ ಕೆಳಗಿನವರದು. ಪೊಲೀಸರದೂ ಒಂದು ತಂಡ. ಆಡುವವರೆಲ್ಲ ಕಪ್ಪು ಪೊಲೀಸರು, ನಾಯಕ ಮಾತ್ರ ಬಿಳಿ ಅಧಿಕಾರಿ. ಇದನ್ನು ಓದಿದ ನಮಗೆ ಬೇರೆ ವಿವರಣೆ ಬೇಕೇ? ಒಂದೊಂದು ಕ್ಲಬ್ಬೂ ಒಂದೊಂದು ಜಾತಿ. ಬಣ್ಣದಲ್ಲೂ ಮೆಟ್ಟಿಲುಗಳು. ಬಾಬಾಸಾಹೇಬರು ನಮ್ಮ ಸಮಾಜವನ್ನು ಕುರಿತು ಹೇಳಿದ ಶ್ರೇಣೀಕೃತ ಅಸಮಾನತೆ ಅಲ್ಲಿ ಬಿಳಿ ಪ್ಯಾಂಟು ತೊಟ್ಟು ಆಟ ಆಡುತ್ತಿತ್ತು. ಜೇಮ್ಸ್ ತಾನೇ ಮೇಪಲ್ ಸೇರಿದ, ಲಿಯರಿ ಶಾನನ್ ಸೇರಿದ. ಆ ಆಯ್ಕೆಯಿಂದ ತಾನು ತನ್ನ ಜನರಿಂದ ದೂರವಾದೆ ಎಂದು ಜೇಮ್ಸ್ ಆಮೇಲೆ ಮುಚ್ಚುಮರೆ ಇಲ್ಲದೆ ಬರೆದಿದ್ದಾನೆ. ಶಾನನ್ ತಂಡದವರು ಮೈದಾನಕ್ಕೆ ಇಳಿದರೆ ಪ್ರತಿ ಚೆಂಡಿಗೂ ಪ್ರಾಣ ಕೊಟ್ಟು ಆಡುತ್ತಿದ್ದರು. ಗೆದ್ದು ತೋರಿಸಲು ಅವರಿಗೆ ಬೇರೆ ಜಾಗವೇ ಇರಲಿಲ್ಲ.

1923ರಲ್ಲಿ ಲಿಯರಿ ವೆಸ್ಟ್ ಇಂಡೀಸ್ ತಂಡದೊಡನೆ ಇಂಗ್ಲೆಂಡಿಗೆ ಹೋಗಿಬಂದ. ವಾಪಸು ಬಂದಾಗ ಕೆಲಸವೂ ಇರಲಿಲ್ಲ. ಆಮೇಲೆ ಒಂದು ಎಣ್ಣೆ ಕಂಪನಿಯಲ್ಲಿ ಗುಮಾಸ್ತಗಿರಿ ಸಿಕ್ಕಿತು. ಟ್ರಿನಿಡಾಡಿನಲ್ಲಿದ್ದರೆ ತಾನು ಗುಮಾಸ್ತನಾಗಿಯೇ ಸಾಯುತ್ತೇನೆ ಎಂಬುದು ಅವನಿಗೆ ಖಾತ್ರಿಯಾಯಿತು. 1928ರಲ್ಲಿ ಮತ್ತೆ ಇಂಗ್ಲೆಂಡಿಗೆ ತಂಡ ಹೊರಟಾಗ ಅವನು ಒಂದು ಗುರಿ ಇಟ್ಟುಕೊಂಡೇ ಹೊರಟ. ಇಂಗ್ಲೆಂಡಿನಲ್ಲಿ ವೃತ್ತಿ ಆಟಗಾರನಾಗಿ ಕೆಲಸ ಹಿಡಿಯಬೇಕು. ಅದಕ್ಕೆ ಅವನ ಹತ್ತಿರ ಇದ್ದ ಅರ್ಜಿ ಒಂದೇ, ಅವನ ಬ್ಯಾಟು ಮತ್ತು ಚೆಂಡು.

ಆ ಅರ್ಜಿಯನ್ನು ಅವನು ಹಾಕಿದ್ದು ಜೂನ್ ತಿಂಗಳಲ್ಲಿ, ಲಾರ್ಡ್ಸ್ ಮೈದಾನದಲ್ಲಿ, ಮಿಡ್ಲ್‌ಸೆಕ್ಸ್ ತಂಡದ ಎದುರು. ಮಿಡ್ಲ್‌ಸೆಕ್ಸ್ 6 ವಿಕೆಟ್ಟಿಗೆ 352 ಓಟ ಹೊಡೆದು ಸಾಕು ಅಂದಿತ್ತು. ವೆಸ್ಟ್ ಇಂಡೀಸ್ 79ಕ್ಕೆ 5 ವಿಕೆಟ್ ಕಳೆದುಕೊಂಡು ಕೂತಿದ್ದಾಗ ಲಿಯರಿ ಇಳಿದ. 18 ನಿಮಿಷದಲ್ಲಿ 50 ಓಟ. ಒಂದು ಗಂಟೆ ತುಂಬುವ ಮೊದಲೇ 86. ಆಮೇಲೆ ಚೆಂಡು ಹಿಡಿದು 57 ಓಟಕ್ಕೆ 7 ವಿಕೆಟ್ ಕಿತ್ತ. ಗೆಲ್ಲಲು 259 ಬೇಕು. 121ಕ್ಕೆ 5 ಬಿದ್ದಾಗ ಮತ್ತೆ ಲಿಯರಿ. ಒಂದೇ ಗಂಟೆಯಲ್ಲಿ 103. ಅವನು ಹೊಡೆದ ಒಂದು ಹೊಡೆತ ಬೌಲರ್ ಹರ್ನ್‌ನ ಬೆರಳನ್ನೇ ಮುರಿಯಿತು. ವೆಸ್ಟ್ ಇಂಡೀಸ್ 3 ವಿಕೆಟ್ಟಿನಿಂದ ಗೆದ್ದಿತು. ಆ ಪ್ರವಾಸದಲ್ಲಿ ಅವನು ಒಟ್ಟು 1,381 ಓಟ, 107 ವಿಕೆಟ್ ಗಳಿಸಿದ. ಲ್ಯಾಂಕಷೈರಿನ ನೆಲ್ಸನ್ ಎಂಬ ಊರಿನ ಕ್ಲಬ್ಬು ಅವನನ್ನು ಕರೆಯಿತು. 1929ರಿಂದ ಒಂದು ಹಂಗಾಮಿಗೆ 500 ಪೌಂಡು, ಚೆನ್ನಾಗಿ ಆಡಿದರೆ ಮೇಲೆ ಇನಾಮು. ಗಿರಣಿಯ ನೇಕಾರನೊಬ್ಬ ಇಡೀ ವರ್ಷ ದುಡಿದರೂ ಕಾಣದ ದುಡ್ಡು ಅದು.

ಇಲ್ಲಿ ಇಂಗ್ಲೆಂಡಿನ ಇನ್ನೊಂದು ಜಾತಿ ಪದ್ಧತಿಯನ್ನೂ ಹೇಳಬೇಕು. ಅಲ್ಲಿನ ಕ್ರಿಕೆಟ್ಟಿನಲ್ಲಿ ಬಿಳಿಯರೊಳಗೇ ಎರಡು ವರ್ಣ. ಹೊಟ್ಟೆಪಾಡಿನ ಚಿಂತೆ ಇಲ್ಲದೆ ಆಡುವ ಹವ್ಯಾಸಿಗೆ 'ಜಂಟಲ್‌ಮನ್' ಎಂದು ಹೆಸರು. ಕೂಲಿಗೆ ಆಡುವವನು ಬರೀ 'ಪ್ಲೇಯರ್'. ಇಬ್ಬರಿಗೂ ಬೇರೆ ಬೇರೆ ಕೋಣೆ, ಮೈದಾನಕ್ಕೆ ಇಳಿಯಲು ಬೇರೆ ಬೇರೆ ಬಾಗಿಲು. ಓಟದ ಪಟ್ಟಿ ಅಚ್ಚು ಹಾಕುವಾಗಲೂ ಹವ್ಯಾಸಿಯ ಇನಿಷಿಯಲ್ಲು ಹೆಸರಿನ ಮುಂದೆ, ಕೂಲಿಯವನದು ಹೆಸರಿನ ಹಿಂದೆ! ದುಡಿದು ತಿನ್ನುವವನು ಕೀಳು, ಕೂತು ತಿನ್ನುವವನು ಮೇಲು ಎಂಬ ಈ ನೀತಿ 1962ರವರೆಗೂ ನಡೆಯಿತು. ಕಾನ್‌ಸ್ಟಂಟೈನ್ ಬಣ್ಣದಿಂದಲೂ ಕೆಳಗಿನವನು, ಕೂಲಿಯಿಂದಲೂ ಕೆಳಗಿನವನು.

ನೆಲ್ಸನ್ ಸುಮಾರು 40 ಸಾವಿರ ಜನರ ಗಿರಣಿ ಊರು. ಲ್ಯಾಂಕಷೈರಿನ ಗಿರಣಿಗಳು ಬೆಳೆದದ್ದು ಯಾವ ಹತ್ತಿಯಿಂದ? ಅಮೆರಿಕದ ತೋಟಗಳಲ್ಲಿ ಕಪ್ಪು ಗುಲಾಮರು ಬಿಡಿಸಿದ ಹತ್ತಿಯಿಂದ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧ ನಡೆದು ಆ ಹತ್ತಿ ನಿಂತಾಗ ನಮ್ಮ ಧಾರವಾಡ ಸೀಮೆಯ ಹತ್ತಿಯನ್ನೂ ಅಲ್ಲಿಗೆ ಸಾಗಿಸಿದರು. ಅಂಥ ಊರಿಗೆ ಗುಲಾಮರ ಮೊಮ್ಮಗ ಆಟ ಆಡಲು ಬಂದ. ಆದರೆ ನೆಲ್ಸನ್ ಬರೀ ಧಣಿಗಳ ಊರಲ್ಲ. ನೇಕಾರರ ಸಂಘ ಗಟ್ಟಿಯಾಗಿದ್ದ, ಕೆಂಪು ಬಾವುಟದ ಊರು. ಜನ ಅದನ್ನು 'ಪುಟ್ಟ ಮಾಸ್ಕೋ' ಅಂತಲೇ ಕರೆಯುತ್ತಿದ್ದರು. ಒಬ್ಬ ನೇಕಾರನ ಮೇಲೆ ಹೆಚ್ಚು ಮಗ್ಗ ಹೇರುವ ಮಾಲೀಕರ ಯೋಜನೆಯ ವಿರುದ್ಧ 1931ರಲ್ಲಿ ಆ ಊರಿನ ಕಾರ್ಮಿಕರು ಹೋರಾಡಿದರು.

ಆದರೂ ಕಪ್ಪು ಮೈಯನ್ನು ಹತ್ತಿರದಿಂದ ಕಾಣದ ಜನ. ಶುರುವಿನಲ್ಲಿ ಮಕ್ಕಳು ಕಿಟಕಿಯಲ್ಲಿ ಇಣುಕಿ ನೋಡುತ್ತಿದ್ದರು. ಬೈಗುಳದ ಕಾಗದಗಳೂ ಬಂದವು. ಹೆಂಡತಿ ನಾರ್ಮಾಗೆ ಮಾತಾಡಲು ಜನ ಇರಲಿಲ್ಲ. ಮೊದಲ ಹಂಗಾಮು ಮುಗಿದಾಗ ಲಿಯರಿ ಊರಿಗೆ ಹಿಂತಿರುಗುವ ಯೋಚನೆ ಮಾಡಿದ. ಬೇಡ, ಕರಾರು ಮುಗಿಸಿಯೇ ಹೋಗೋಣ ಎಂದು ಹಿಡಿದು ನಿಲ್ಲಿಸಿದವಳು ನಾರ್ಮಾ. ಗಂಡಸರ ಚರಿತ್ರೆಯಲ್ಲಿ ಇಂಥ ಹೆಂಗಸರ ಹೆಸರು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಆಕೆ ಅಂದು ಹೂಂ ಅಂದಿದ್ದರೆ ಮುಂದಿನದು ಯಾವುದೂ ಇಲ್ಲ. ಅವರು ಆ ಊರಿನಲ್ಲಿ ಇಪ್ಪತ್ತು ವರ್ಷ, 1949ರವರೆಗೆ, ಸಂಸಾರ ಮಾಡಿದರು.

ಈಗ ಆಟದ ವಿಷಯಕ್ಕೆ ಬರೋಣ. ಲ್ಯಾಂಕಷೈರ್ ಲೀಗಿನ ಪಂದ್ಯ ಶನಿವಾರ ಮಧ್ಯಾಹ್ನದ್ದು. ಗಿರಣಿ ಬಿಟ್ಟು ಬಂದ ಜನ ಟಿಕೆಟ್ ಕೊಂಡು ನೋಡುವ ಆಟ. ಒಂದು ತಂಡಕ್ಕೆ ಒಬ್ಬನೇ ವೃತ್ತಿ ಆಟಗಾರ. ಉಳಿದವರು ಊರಿನ ಹವ್ಯಾಸಿಗಳು. ಆ ಒಬ್ಬನು ಬೌಲಿಂಗೂ ಮಾಡಬೇಕು, ಓಟವನ್ನೂ ಹೊಡೆಯಬೇಕು, ಸಂಜೆಯೊಳಗೆ ಪಂದ್ಯವನ್ನೂ ಗೆಲ್ಲಿಸಬೇಕು. ಅವನು 50 ಓಟ ದಾಟಿದರೆ ಜನರ ನಡುವೆ ಪೆಟ್ಟಿಗೆ ತಿರುಗುತ್ತದೆ, ಕೈಲಾದಷ್ಟು ಚಿಲ್ಲರೆ ಬೀಳುತ್ತದೆ. ಇಂಥ ಕಡೆ ನಿಧಾನವಾಗಿ ಆಡಿದರೆ ಹೊಟ್ಟೆ ತುಂಬುವುದಿಲ್ಲ. ಹೊಡೆಯಲೇಬೇಕು, ಬೇಗ ಹೊಡೆಯಬೇಕು, ಮತ್ತೆ ಔಟೂ ಆಗಬಾರದು. ಮಳೆಗೆ ನೆನೆದ ಪಿಚ್ಚು, ತಿರುಗುವ ಚೆಂಡು. ಟ್ರಿನಿಡಾಡಿನ ಆಟ ಅಲ್ಲಿ ನಡೆಯುವುದಿಲ್ಲ. ಲಿಯರಿ ಕಣ್ಣು, ಮಣಿಕಟ್ಟು, ಕಾಲುಗಳನ್ನು ಮತ್ತೆ ಹೊಸದಾಗಿ ಪಳಗಿಸಿದ. ಆರಂಭದಲ್ಲಿ ಬರೀ ವೇಗದ ಬೌಲರ್ ಆಗಿದ್ದವನು ವಾರ ವಾರ ದುಡಿಯುವ ಮೈ ಉಳಿಯಬೇಕಲ್ಲ ಎಂದು ವೇಗ ಇಳಿಸಿ, ನಿಧಾನದ ಚೆಂಡು, ಮೋಸದ ಚೆಂಡು ಕಲಿತ. ಅವನು ಪಕ್ವ ಆಟಗಾರ ಆದದ್ದೇ ನೆಲ್ಸನ್ನಿನಲ್ಲಿ ಎನ್ನುವುದು ಜೇಮ್ಸನ ಅಭಿಪ್ರಾಯ. ಯೋಚನೆ ಮಾಡದೆ ಹೊಡೆಯುವವನು ಎಂದು ಪತ್ರಿಕೆಗಳು ಬರೆಯುತ್ತಿದ್ದ ಮನುಷ್ಯ ಒಬ್ಬ ಒಳ್ಳೆಯ ಬಡಗಿಯ ಹಾಗೆ ತನ್ನ ಹತಾರುಗಳನ್ನು ಮಸೆಯುತ್ತಿದ್ದ.

ಫಲ ಏನು? 1929ರಿಂದ 1937ರವರೆಗಿನ ಒಂಬತ್ತು ಹಂಗಾಮುಗಳಲ್ಲಿ ನೆಲ್ಸನ್ ಏಳು ಸಲ ಲೀಗ್ ಗೆದ್ದಿತು. ಉಳಿದ ಎರಡು ಸಲವೂ ಎರಡನೆಯ ಸ್ಥಾನಕ್ಕಿಂತ ಕೆಳಗೆ ಇಳಿಯಲಿಲ್ಲ. ಅವನು ಲೀಗಿನಲ್ಲಿ ಗಳಿಸಿದ್ದು 6,363 ಓಟ, 776 ವಿಕೆಟ್. ಅವನು ಬರುತ್ತಾನೆ ಎಂದರೆ ಎದುರು ತಂಡದ ಮೈದಾನವೂ ತುಂಬುತ್ತಿತ್ತು, ಅವರ ಕ್ಲಬ್ಬಿಗೂ ದುಡ್ಡಾಗುತ್ತಿತ್ತು. ಅವನು ಬಿಟ್ಟ ಜಾಗಕ್ಕೆ 1938ರಲ್ಲಿ ನೆಲ್ಸನ್ ಕರೆಸಿಕೊಂಡದ್ದು ನಮ್ಮ ಲಾಲಾ ಅಮರನಾಥರನ್ನು.

ಟೆಸ್ಟ್ ಪಂದ್ಯಗಳ ಲೆಕ್ಕ ಬೇರೆ. 18 ಟೆಸ್ಟು, 635 ಓಟ, 58 ವಿಕೆಟ್. ಓಟದ ಸರಾಸರಿ 20ನ್ನೂ ಮುಟ್ಟುವುದಿಲ್ಲ. ಬರೀ ಅಂಕಿ ನೋಡುವವರು ಇವನೇನು ದೊಡ್ಡ ಆಟಗಾರ ಎಂದು ಕೇಳಬಹುದು. ಆದರೆ ಟೆಸ್ಟ್ ಆಡಲು ಅವನು ಸ್ವತಂತ್ರನೇ ಆಗಿರಲಿಲ್ಲ. 1933ರಲ್ಲಿ ವೆಸ್ಟ್ ಇಂಡೀಸ್ ತಂಡ ಇಂಗ್ಲೆಂಡಿಗೆ ಬಂದಾಗ ನೆಲ್ಸನ್ ಕ್ಲಬ್ಬು ಅವನನ್ನು ಒಂದೇ ಒಂದು ಟೆಸ್ಟಿಗೆ ಬಿಟ್ಟಿತು. ಕೂಲಿಯವನು ಕರಾರಿನ ಆಳು. ಆ ಒಂದು ಟೆಸ್ಟಿನಲ್ಲೇ ಅವನೂ ಮಾರ್ಟಿಂಡೇಲನೂ ದಾಂಡಿಗನ ಮೈಗೆ ಗುರಿಯಿಟ್ಟು ಚೆಂಡೆಸೆದರು. ಹಿಂದಿನ ಚಳಿಗಾಲದಲ್ಲಿ ಆಸ್ಟ್ರೇಲಿಯದಲ್ಲಿ ಇಂಗ್ಲೆಂಡ್ ಮಾಡಿದ್ದು ಅದನ್ನೇ. ತಾವು ಎಸೆದಾಗ ತಂತ್ರ ಎನ್ನಿಸಿದ್ದು ತಮ್ಮ ಮೈಗೇ ಬಂದಾಗ ಇಂಗ್ಲಿಷರಿಗೆ ಅನ್ಯಾಯವಾಗಿ ಕಂಡಿತು!

ಇನ್ನು ನಾಯಕತ್ವದ ಮಾತು. ವೆಸ್ಟ್ ಇಂಡೀಸ್ ತಂಡಕ್ಕೆ ಬಿಳಿಯನೇ ನಾಯಕ ಆಗಬೇಕು ಎನ್ನುವುದು ಬರೆಯದ ಶಾಸನ. ಓಟ ಹೊಡೆಯಲು ಕಪ್ಪು ತೋಳು, ಆಜ್ಞೆ ಮಾಡಲು ಬಿಳಿ ತಲೆ. ಪುರುಷಸೂಕ್ತ ಓದಿದವರಿಗೆ ಇದು ಹೊಸದಲ್ಲ. 1935ರಲ್ಲಿ ಜಮೈಕದ ಕಿಂಗ್‌ಸ್ಟನ್ನಿನಲ್ಲಿ ಇಂಗ್ಲೆಂಡಿನ ಎದುರು ಸರಣಿಯ ಕೊನೆಯ ಟೆಸ್ಟ್ ನಡೆದಾಗ ಬಿಳಿ ನಾಯಕ ಜ್ಯಾಕ್ ಗ್ರಾಂಟ್‌ನ ಕಾಲು ಉಳುಕಿತು. ಆಗ ಕೊನೆಯ ದಿನ ಮೈದಾನದಲ್ಲಿ ತಂಡ ನಡೆಸಿದವನು ಕಾನ್‌ಸ್ಟಂಟೈನ್. ವೆಸ್ಟ್ ಇಂಡೀಸ್ ಆ ಪಂದ್ಯವನ್ನೂ ಗೆದ್ದಿತು, ಇತಿಹಾಸದಲ್ಲೇ ಮೊದಲ ಸಲ ಸರಣಿಯನ್ನೂ ಗೆದ್ದಿತು. ಆದರೂ ಆ ಪಟ್ಟ ಅವನಿಗೆ ಸಿಗಲಿಲ್ಲ. ಕಪ್ಪು ಮನುಷ್ಯನೊಬ್ಬ, ಫ್ರಾಂಕ್ ವೊರೆಲ್, ಪೂರ್ಣಾವಧಿ ನಾಯಕನಾಗಲು 1960ರವರೆಗೆ ಕಾಯಬೇಕಾಯಿತು. ಅದಕ್ಕಾಗಿ ಪತ್ರಿಕೆಯಲ್ಲಿ ದೊಡ್ಡ ಹೋರಾಟ ನಡೆಸಿದವನು ಅದೇ ಜೇಮ್ಸ್. 1945ರಲ್ಲಿ ಲಾರ್ಡ್ಸ್‌ನಲ್ಲಿ ಡೊಮಿನಿಯನ್ಸ್ ತಂಡದ ನಾಯಕ ಕಾಯಿಲೆ ಬಿದ್ದಾಗ ಬಿಳಿಯರೇ ಹೆಚ್ಚಿದ್ದ ಆ ತಂಡದ ಆಟಗಾರರು ತಾವಾಗಿ ಕಾನ್‌ಸ್ಟಂಟೈನನನ್ನು ನಾಯಕನನ್ನಾಗಿ ಆರಿಸಿದರು. ಇಂಗ್ಲೆಂಡನ್ನು 45 ಓಟದಿಂದ ಸೋಲಿಸಿದರು. ಜೊತೆಗೆ ಆಡಿದವರಿಗೆ ಕಂಡದ್ದು ತಂಡ ಕಟ್ಟುವ ಧಣಿಗಳಿಗೆ ಕಂಡಿರಲಿಲ್ಲ.

ಇದೇ ಕಾಲದ ನಮ್ಮ ನೆಲದ ಕಥೆಯೊಂದನ್ನು ಪಕ್ಕದಲ್ಲಿಟ್ಟು ನೋಡಬೇಕು. ಧಾರವಾಡದಲ್ಲಿ ಹುಟ್ಟಿದ, ಚಮ್ಮಾರ ಜಾತಿಯ ಪಲ್ವಂಕರ್ ಬಾಲೂ ಪುಣೆಯ ಬಿಳಿಯರ ಜಿಮ್ಖಾನದಲ್ಲಿ ತಿಂಗಳಿಗೆ 4 ರೂಪಾಯಿ ಸಂಬಳಕ್ಕೆ ಪಿಚ್ಚು ಉರುಳಿಸುತ್ತ, ದೊರೆಗಳಿಗೆ ಚೆಂಡೆಸೆಯುತ್ತ ದೊಡ್ಡ ಬೌಲರ್ ಆದ. ಬ್ಯಾಟನ್ನು ಮಾತ್ರ ಅವನ ಕೈಗೆ ಕೊಡಲಿಲ್ಲ. ಆಮೇಲೆ ಪುಣೆಯ ಹಿಂದೂ ತಂಡ ಅವನನ್ನು ಸೇರಿಸಿಕೊಂಡಿತು. ಅವನ ವಿಕೆಟ್ಟುಗಳು ಬೇಕಾಗಿದ್ದವು. ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ಅವನು 100ಕ್ಕೂ ಹೆಚ್ಚು ವಿಕೆಟ್ ತೆಗೆದ. ಹಿಂದೂ ತಂಡದ ನಾಯಕತ್ವ ಅವನಿಗೆ ಕೊನೆಗೂ ಬರಲಿಲ್ಲ. ಅದು ಬಂದದ್ದು 1923ರಲ್ಲಿ ಅವನ ತಮ್ಮ ವಿಠ್ಠಲನಿಗೆ. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಇದೇ ಬಾಲೂವನ್ನು ಮುಂಬಯಿಯಲ್ಲಿ ಬಾಬಾಸಾಹೇಬರ ಎದುರೇ ನಿಲ್ಲಿಸಿತು. ಬಾಬಾಸಾಹೇಬರು ಗೆದ್ದರು. ಕೇಳಬೇಕಾದ ಪ್ರಶ್ನೆ ಇದು: ನಮ್ಮವನು ಮೈದಾನದಲ್ಲಿ ಬೆವರು ಸುರಿಸಿ ಗಳಿಸಿದ ಹೆಸರನ್ನು ಯಾರು, ಯಾತಕ್ಕೆ ಬಳಸಿಕೊಳ್ಳುತ್ತಾರೆ? ಅವನೋ, ಅವನನ್ನು ಹೊರಗೆ ಕೂರಿಸಿದವರೋ?

ಕಾನ್‌ಸ್ಟಂಟೈನ್ ತನ್ನ ಹೆಸರನ್ನು ತಾನೇ ಬಳಸಿದ. 1932ರಲ್ಲಿ ಜೇಮ್ಸ್ ಇಂಗ್ಲೆಂಡಿಗೆ ಬಂದಾಗ ನೆಲ್ಸನ್ನಿನ ಮನೆಯಲ್ಲಿ ಇಟ್ಟುಕೊಂಡ. ಟ್ರಿನಿಡಾಡಿನ ಕಾರ್ಮಿಕ ನಾಯಕ ಸಿಪ್ರಿಯಾನಿಯ ಬಗ್ಗೆ ಜೇಮ್ಸ್ ಬರೆದ ಪುಸ್ತಕ ಅದೇ ವರ್ಷ ನೆಲ್ಸನ್ನಿನಲ್ಲಿ ಅಚ್ಚಾಯಿತು. ದುಡ್ಡು ಕೊಟ್ಟವನು ಲಿಯರಿ. ವೆಸ್ಟ್ ಇಂಡೀಸಿಗೆ ಸ್ವರಾಜ್ಯ ಬೇಕು ಎನ್ನುವ ಪುಸ್ತಕದ ಬೇರು ಅದರಲ್ಲೇ ಇತ್ತು. ಇಬ್ಬರೂ ಲ್ಯಾಂಕಷೈರಿನ ಸಭೆಗಳಲ್ಲಿ ತಮ್ಮ ನಾಡಿನ ಬಗ್ಗೆ ಭಾಷಣ ಮಾಡುತ್ತಿದ್ದರು. ಶನಿವಾರ ಹೊಡೆದ ಓಟದ ಕೂಲಿ ಹೀಗೆ ಅಚ್ಚಿನ ಮೊಳೆಯಾಯಿತು. ಬಿಳಿಯರು ನಮಗಿಂತ ಯಾವುದರಲ್ಲೂ ಹೆಚ್ಚಿನವರಲ್ಲ ಎಂದು ಲಿಯರಿ ಹಠ ಹಿಡಿದು ವಾದಿಸುತ್ತಿದ್ದನಂತೆ. ಪುಸ್ತಕ ಓದಿ ಬೆಳೆದ ಜೇಮ್ಸ್‌ಗೆ ಅದು ಒಪ್ಪಿಗೆಯಾಗಲು ಸಮಯ ಹಿಡಿಯಿತು. ಪುಸ್ತಕ ಓದಿದವನಿಗಿಂತ ಮೈದಾನದಲ್ಲಿ ಎದುರು ನಿಂತವನಿಗೆ ಸತ್ಯ ಬೇಗ ಗೊತ್ತಾಗಿತ್ತು.

ಎರಡನೆಯ ಮಹಾಯುದ್ಧದಲ್ಲಿ ಮದ್ದುಗುಂಡಿನ ಕಾರ್ಖಾನೆಗಳಿಗೆ ವೆಸ್ಟ್ ಇಂಡೀಸಿನಿಂದ ಕೆಲಸಗಾರರನ್ನು ಕರೆತಂದಾಗ ಅವರ ಕಷ್ಟಸುಖ ನೋಡುವ ಅಧಿಕಾರಿಯಾಗಿ ಬ್ರಿಟಿಷ್ ಸರ್ಕಾರ ಅವನನ್ನು ನೇಮಿಸಿತು. 1943ರ ಜುಲೈ ಕೊನೆಯಲ್ಲಿ ಲಾರ್ಡ್ಸ್‌ನಲ್ಲಿ ಆಡಲು ಅವನು ಹೆಂಡತಿ, ಮಗಳೊಡನೆ ಲಂಡನ್ನಿಗೆ ಬಂದ. ಇಂಪೀರಿಯಲ್ ಹೋಟೆಲಿನಲ್ಲಿ ನಾಲ್ಕು ರಾತ್ರಿಗೆ ಕೋಣೆ ಕಾದಿರಿಸಿದ್ದ. ಬಣ್ಣದ ತಕರಾರು ಇಲ್ಲ ಎಂಬ ಮಾತನ್ನೂ ಮೊದಲೇ ಪಡೆದಿದ್ದ. ಬಂದಿಳಿದ ಮೇಲೆ ಹೋಟೆಲಿನವರು ವರಸೆ ಬದಲಿಸಿದರು. ಅಮೆರಿಕದ ಬಿಳಿ ಸೈನಿಕರು ಇಲ್ಲಿದ್ದಾರೆ, ಅವರಿಗೆ ಆಗಿಬರುವುದಿಲ್ಲ, ಒಂದು ರಾತ್ರಿ ಇದ್ದು ಹೋಗಿ ಅಂದರು. ಕಪ್ಪು ಜನರನ್ನು ಹೀಯಾಳಿಸುವ ಕೀಳು ಮಾತನ್ನೂ ಆಡಿದರು. ಹಿಟ್ಲರನ ಜನಾಂಗ ದ್ವೇಷದ ವಿರುದ್ಧ ಹೋರಾಡಲು ಬಂದ ಸೈನಿಕರ ನೆಪ ಹೇಳಿ ಈ ಜನಾಂಗ ದ್ವೇಷ!

ಅವನು ಬೇರೆ ಹೋಟೆಲಿಗೆ ಹೋದ. ಆದರೆ ನುಂಗಿಕೊಂಡು ಸುಮ್ಮನಾಗಲಿಲ್ಲ, ಕೋರ್ಟಿಗೆ ಹೋದ. ಬಣ್ಣದ ಭೇದ ಅಪರಾಧ ಎನ್ನುವ ಕಾನೂನು ಆಗ ಇಂಗ್ಲೆಂಡಿನಲ್ಲಿ ಇರಲೇ ಇಲ್ಲ. ಛತ್ರ ನಡೆಸುವವನು ಬಂದ ಪ್ರಯಾಣಿಕನಿಗೆ ತಕ್ಕ ಕಾರಣವಿಲ್ಲದೆ ಇಲ್ಲ ಅನ್ನುವ ಹಾಗಿಲ್ಲ ಎಂಬ ಹಳೆಯ ನಿಯಮ ಒಂದಿತ್ತು. ಅದನ್ನೇ ಹಿಡಿದುಕೊಂಡು ದಾವೆ ಹೂಡಿದರು. 1944ರ ಜೂನಿನಲ್ಲಿ ನ್ಯಾಯಮೂರ್ತಿ ಬರ್ಕೆಟ್ ತೀರ್ಪು ಕೊಟ್ಟ. ಹೋಟೆಲಿನದು ತಪ್ಪು, ಕಾನ್‌ಸ್ಟಂಟೈನನದು ಸರಿ. ಪರಿಹಾರ ಐದು ಗಿನಿ, ಅಂದರೆ ಐದು ಪೌಂಡು ಐದು ಷಿಲಿಂಗು. ಶನಿವಾರದ ಒಂದು ಆಟದಲ್ಲಿ ಅದಕ್ಕಿಂತ ಹೆಚ್ಚು ದುಡಿಯುತ್ತಿದ್ದ ಮನುಷ್ಯನಿಗೆ ಆ ದುಡ್ಡು ಮುಖ್ಯವಲ್ಲ. ಆಗಿದ್ದು ತಪ್ಪು ಎಂದು ಕೋರ್ಟಿನ ಕಾಗದದ ಮೇಲೆ ಬರೆಸಿದ್ದು ಮುಖ್ಯ. ಹೋಟೆಲಿನಂಥ ಸಾರ್ವಜನಿಕ ಜಾಗಗಳಲ್ಲಿ ಬಣ್ಣದ ಭೇದ ಮಾಡಬಾರದು ಎನ್ನುವ ಕಾನೂನು ಬ್ರಿಟನ್ನಿನಲ್ಲಿ ಬಂದದ್ದು ಇಪ್ಪತ್ತೊಂದು ವರ್ಷ ತಡವಾಗಿ, 1965ರಲ್ಲಿ. ನಮ್ಮಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ 1955ರಲ್ಲೇ ಬಂತು. ಹಳ್ಳಿಯ ಹೋಟೆಲುಗಳ ಬೇರೆ ಲೋಟ ಕಾಯಿದೆ ಬಂದ ದಿನವೇ ಒಡೆಯಲಿಲ್ಲ ಎನ್ನುವುದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾದ ವಿಷಯವಲ್ಲ. ಕಾಯಿದೆ ಇಲ್ಲದ ಕಡೆಯೂ ಒಬ್ಬ ದಾವೆ ಹೂಡಿದ, ಕಾಯಿದೆ ಇರುವ ಕಡೆ ನಾವು ಎಷ್ಟು ದಾವೆ ಹೂಡಿದ್ದೇವೆ ಎಂಬ ಲೆಕ್ಕ ನಾವೇ ಹಾಕಿಕೊಳ್ಳಬೇಕು.

ಗುಮಾಸ್ತನಾಗಿದ್ದಾಗ ಮುಚ್ಚಿದ್ದ ಬಾಗಿಲನ್ನು ಅವನು ಮರೆತಿರಲಿಲ್ಲ. ಆಟದಲ್ಲಿ ಗಳಿಸಿದ ಹಣದಿಂದ ಕಾನೂನು ಓದಿದ. 1954ರಲ್ಲಿ, 53ನೆಯ ವಯಸ್ಸು ತುಂಬುವ ವರ್ಷ, ಬ್ಯಾರಿಸ್ಟರ್ ಆದ. ಅದೇ ವರ್ಷ 'ಕಲರ್ ಬಾರ್' ಎಂಬ ಪುಸ್ತಕ ಬರೆದು ಬಣ್ಣದ ಭೇದವನ್ನು ಬಯಲಿಗಿಟ್ಟ. ಆಮೇಲೆ ಟ್ರಿನಿಡಾಡಿಗೆ ಹೋಗಿ 1956ರ ಚುನಾವಣೆಯಲ್ಲಿ ಗೆದ್ದು ಮಂತ್ರಿಯಾದ. 1962ರಲ್ಲಿ ನಾಡು ಸ್ವತಂತ್ರವಾದಾಗ ಲಂಡನ್ನಿನಲ್ಲಿ ಅದರ ಹೈಕಮಿಷನರ್ ಆಗಿದ್ದ.

1963ರಲ್ಲಿ ಬ್ರಿಸ್ಟಲ್ ನಗರದ ಬಸ್ ಕಂಪನಿ ಕಪ್ಪು ಮತ್ತು ಏಷ್ಯದ ಜನರನ್ನು ಕಂಡಕ್ಟರ್, ಡ್ರೈವರ್ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ ಎಂದಿತು. ಕಾರ್ಮಿಕ ಸಂಘದ ಸ್ಥಳೀಯ ಶಾಖೆಯೂ ಅದಕ್ಕೆ ಕೈಜೋಡಿಸಿತ್ತು. ವರ್ಗದ ಮಾತಾಡುವವರು ವರ್ಣ ಬಂದಾಗ ಯಾವ ಕಡೆ ನಿಲ್ಲುತ್ತಾರೆ ಎಂಬುದಕ್ಕೆ ಇದಕ್ಕಿಂತ ಪಾಠ ಬೇಕಿಲ್ಲ. ಕಪ್ಪು ಯುವಕರು ಬಸ್ ಬಹಿಷ್ಕಾರ ಹೂಡಿದರು. ರಾಯಭಾರಿ ಇನ್ನೊಂದು ದೇಶದ ಜಗಳದಲ್ಲಿ ಬಾಯಿ ಹಾಕಬಾರದು ಎನ್ನುವುದು ಶಿಷ್ಟಾಚಾರ. ಕಾನ್‌ಸ್ಟಂಟೈನ್ ಬ್ರಿಸ್ಟಲ್ಲಿಗೆ ಹೋಗಿ ಬಹಿರಂಗವಾಗಿ ಮಾತಾಡಿದ. ಕಂಪನಿ ಆಗಸ್ಟ್ 28ರಂದು ಮಣಿಯಿತು. ಸೆಪ್ಟೆಂಬರಿನಲ್ಲಿ ಮೊದಲ ಬಿಳಿಯೇತರ ಕಂಡಕ್ಟರ್ ಆಗಿ ಸೇರಿದವನು ರಘ್‌ಬೀರ್ ಸಿಂಗ್ ಎಂಬ ಸಿಖ್. ಕಾನ್‌ಸ್ಟಂಟೈನನ ಈ ನಡೆ ಅವನ ಸ್ವಂತ ಸರ್ಕಾರಕ್ಕೇ ಹಿಡಿಸಲಿಲ್ಲ. 1964ರಲ್ಲಿ ಅವನು ಆ ಹುದ್ದೆ ಬಿಟ್ಟ.

ಇಷ್ಟೆಲ್ಲ ಹೇಳಿ ಅವನನ್ನು ಕ್ರಾಂತಿಕಾರಿ ಎಂದು ಕರೆದರೆ ಸುಳ್ಳಾಗುತ್ತದೆ. ಅವನು ವ್ಯವಸ್ಥೆಯನ್ನು ಬುಡಮೇಲು ಮಾಡಲು ಹೊರಟವನಲ್ಲ. ಅದರ ಬಾಗಿಲು ಬಡಿದು, ನಿಮ್ಮ ನಿಯಮ ನಿಮಗೂ ಅನ್ವಯಿಸಲಿ ಎಂದು ಕೂತವನು. 1962ರಲ್ಲಿ 'ಸರ್' ಎನ್ನಿಸಿಕೊಂಡ. 1969ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ ಮೊದಲ ಕಪ್ಪು ಲಾರ್ಡ್ ಆದ. ಯಾವ ರಾಜಕಿರೀಟದ ಹೆಸರಿನಲ್ಲಿ ಅವನ ಅಜ್ಜ ಅಜ್ಜಿಯರನ್ನು ದುಡಿಸಿದರೋ ಅದೇ ಕಿರೀಟದ ಕೈಯಿಂದ ಬಿರುದು ತೆಗೆದುಕೊಳ್ಳುವುದು ಸರಿಯೇ? ಬಿರುದು ಕೊಟ್ಟು ಬಾಯಿ ಕಟ್ಟುವುದು ಉಳ್ಳವರ ಹಳೆಯ ಉಪಾಯ. ಒಬ್ಬನನ್ನು ಮೇಲೆ ಕೂರಿಸಿ ಉಳಿದವರಿಗೆ ನೋಡಿ ಎಂದು ತೋರಿಸುವ ಆಟ ನಮಗೂ ಗೊತ್ತು. ಈ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಬಾಯಿ ಕಟ್ಟಿತೇ ಎಂದೂ ನೋಡಬೇಕು. ಬ್ರಿಸ್ಟಲ್ಲಿನಲ್ಲಿ ಅವನು ಮಾತಾಡಿದ್ದು 'ಸರ್' ಆದ ಮೇಲೆ. ಹುದ್ದೆ ಹೋಗುವ ಭಯ ಇದ್ದಾಗಲೂ ಮಾತಾಡಿದ.

1971ರ ಜುಲೈ 1ರಂದು ಲಂಡನ್ನಿನಲ್ಲಿ ತೀರಿಕೊಂಡ. ಟ್ರಿನಿಡಾಡಿನಲ್ಲಿ ಸರ್ಕಾರಿ ಗೌರವದೊಡನೆ ಮಣ್ಣು ಮಾಡಿದರು. ಲಾರ್ಡ್ ಆದವರು ತಮ್ಮ ಬಿರುದಿನ ಜೊತೆ ಊರಿನ ಹೆಸರು ಸೇರಿಸಿಕೊಳ್ಳುವುದು ಅಲ್ಲಿನ ಪದ್ಧತಿ. ಜಮೀನ್ದಾರರು ತಮ್ಮ ಜಮೀನಿನ ಹೆಸರು ಇಟ್ಟುಕೊಳ್ಳುತ್ತಿದ್ದರು. ಕಾನ್‌ಸ್ಟಂಟೈನ್ ಇಟ್ಟುಕೊಂಡದ್ದು ಎರಡು ಹೆಸರು. ಒಂದು ಮರವಾಲ್, ಅವನ ಅಪ್ಪ ಮೇಸ್ತ್ರಿಯಾಗಿ ದುಡಿದ ಕೋಕೋ ತೋಟಗಳ ಸೀಮೆ. ಇನ್ನೊಂದು ನೆಲ್ಸನ್, ಅವನು ಕೂಲಿಗೆ ಆಡಿದ ಗಿರಣಿ ಊರು.

ಹಳ್ಳಿಯ ಶಾಲೆಗಳಲ್ಲಿ ಪಾಠ ಮಾಡುವ ಗೆಳೆಯರಿಗೆ ಒಂದು ಮಾತು. ನಿಮ್ಮ ಮೈದಾನದಲ್ಲೂ ಚೆಂಡನ್ನು ಬೇಲಿಯಾಚೆ ಹೊಡೆಯುವ ಹುಡುಗರು ಇದ್ದಾರೆ, ಓಡುವ ಹುಡುಗಿಯರು ಇದ್ದಾರೆ. ಅವರ ಕಸುವನ್ನು ಹೊಗಳಿ ಬಿಟ್ಟುಬಿಡಬೇಡಿ. ಹೇಗೆ ಕಲಿತೆ ಎಂದು ಕೇಳಿ. ಅದಕ್ಕೆ ಬೆಲೆ ಇದೆ ಎಂದು ತಿಳಿಸಿ. ಆ ಬೆಲೆಯನ್ನು ಕೇಳಿ ತೆಗೆದುಕೊಳ್ಳುವುದು, ತೆಗೆದುಕೊಂಡದ್ದರಲ್ಲಿ ಓದುವುದು, ಓದಿದ್ದನ್ನು ಹಿಡಿದು ಅವಮಾನ ಮಾಡಿದವನನ್ನು ಕಟಕಟೆಗೆ ಎಳೆಯುವುದು ಎಲ್ಲವೂ ಆಟದ ಪಾಠವೇ ಎಂದು ಹೇಳಿ.